ಕಿಂಡಿ ಮುಚ್ಚಲಿಲ್ಲ, ಸೋರಿಕೆ ನಿಲ್ಲಿಸಿದೆವು

ನಮ್ಮದು ಕಲಬುರಗಿಯ ಬ್ರಹ್ಮಪುರದಲ್ಲಿರುವ ಹಳೇ ಮನೆ. ಅಜ್ಜ ಕಟ್ಟಿಸಿದ್ದು. ಕಲ್ಲಿನ ಗೋಡೆ, ಮೇಲೆ ಕಬ್ಬಿಣದ ಗರ್ಡರ್, ಗರ್ಡರ್ ಮೇಲೆ ಉದ್ದುದ್ದ ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ, ಅದರ ಮೇಲೆ ಗಚ್ಚು. ನಮ್ಮ ಕಡೆ ಹಳೇ ಓಣಿಗಳಲ್ಲಿ ಇಂಥ ಮನೆಗಳು ಇನ್ನೂ ಬೇಕಾದಷ್ಟಿವೆ. ಛತ್ತಿನಲ್ಲಿ ಮೂರು ಕಿಂಡಿ. ಅಡುಗೆ ಮನೆಯ ಹೊಗೆ ಹೋಗಲು ಒಂದು, ಪಡಸಾಲೆಯಲ್ಲಿ ಗಾಜು ಕೂರಿಸಿದ ಬೆಳಕಿಂಡಿ ಒಂದು, ಬಚ್ಚಲಿನ ಗಾಳಿ ಹೋಗಲು ಹಾಕಿದ ಪಿವಿಸಿ ಕೊಳವೆ ಇನ್ನೊಂದು. ಮೂರೂ ಸೋರುತ್ತಿದ್ದವು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದ ಆ ಮಳೆಯಲ್ಲಿ ಅಡುಗೆ ಮನೆಯಲ್ಲಿ ನಾಲ್ಕು ಕಡೆ ಬೋಗುಣಿ ಇಟ್ಟಿದ್ದೆವು. ಅಲ್ಲಿಂದ ಪ್ರತಿ ಮಳೆಗಾಲಕ್ಕೂ ಒಂದೊಂದು ಬೋಗುಣಿ ಜಾಸ್ತಿಯಾಗುತ್ತಾ ಬಂತು.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು. ಕಿಂಡಿ ಮುಚ್ಚಿಸಿಬಿಡಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿಬಿಡಿ. ಅವ್ವ ಮಾತ್ರ ಒಪ್ಪಲಿಲ್ಲ. "ಖಾರ ಹುರಿದ್ರ ಘಾಟು ಎಲ್ಲಿ ಹೋಗ್ಬೇಕಪ್ಪ? ಕರೆಂಟ್ ಹೋದಾಗ ಫ್ಯಾನ್ ತಿರುಗ್ತದೇನು?" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಮೇ ತಿಂಗಳಲ್ಲಿ ಇಲ್ಲಿ 43 ಡಿಗ್ರಿ ದಾಟುವುದು ಹೊಸದಲ್ಲ. ಹಗಲೆಲ್ಲ ಕಾದ ಫರ್ಸಿ ರಾತ್ರಿ ಹತ್ತು ಗಂಟೆಯವರೆಗೂ ಒಳಗೆ ಬಿಸಿ ಬಿಡುತ್ತಾ ಇರುತ್ತದೆ. ಬಿಸಿ ಗಾಳಿ ಮೇಲಕ್ಕೇ ಏರುವುದು, ಮೇಲೆ ದಾರಿ ಇದ್ದರೆ ಹೋಗುತ್ತದೆ, ಇಲ್ಲದಿದ್ದರೆ ತಲೆಯ ಮೇಲೇ ನಿಲ್ಲುತ್ತದೆ. ಅಜ್ಜ ಆ ಕಿಂಡಿಗಳನ್ನು ಸುಮ್ನೆ ಇಟ್ಟಿದ್ದಲ್ಲ. ಹಾಗಾಗಿ ಮುಚ್ಚುವ ಮಾತೇ ಬೇಡ, ಸರಿ ಮಾಡೋಣ ಅಂತ ಗಟ್ಟಿ ಮಾಡಿಕೊಂಡೆ. ಮಿರಗದ ಮಳೆ ಅಂದರೆ ಜೂನ್ ಮೊದಲ ವಾರ. ಮೇ 11ಕ್ಕೆ ನಿಚ್ಚಣಿಕೆ ಹಾಕಿದೆ. ಕೈಯಲ್ಲಿ ನಾಲ್ಕು ವಾರವೂ ಇರಲಿಲ್ಲ.

ಮೊದಲು ನೀರಿನ ದಾರಿ ಹುಡುಕಿದ್ದು

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಯಾಕೆಂದರೆ ಹಿಂದೆ ಮೂರು ಸಲ ದುಡ್ಡು ಹಾಳಾಗಿದ್ದು ಇಲ್ಲೇ. ಪ್ರತಿ ಸಲ ಯಾರೋ ಒಬ್ಬರು ಬಂದು, ಕೆಳಗೆ ಕಲೆ ಎಲ್ಲಿದೆ ನೋಡಿ, ಅದರ ನೇರಕ್ಕೆ ಮೇಲೆ ಸಿಮೆಂಟ್ ಬಳಿದು ಹೋಗುತ್ತಿದ್ದರು. ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಅಡುಗೆ ಮನೆಯ ಕಲೆ ಇದ್ದದ್ದು ಕಿಂಡಿಯಿಂದ ಮೂರು ಅಡಿ ದೂರದಲ್ಲಿ, ಗರ್ಡರ್ ಪಕ್ಕದಲ್ಲಿ. ಕಿಂಡಿಯ ಕೆಳಗಲ್ಲ. ಹಾಗಾಗಿ ಛತ್ತೇ ಸೀಳಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಾನು ಮಾಡಿದ್ದು ಇಷ್ಟೇ. ಕಿಂಡಿಯ ಬಾಯಿಯ ಸುತ್ತ ಛತ್ತಿನ ಮೇಲೆ ಇಟ್ಟಿಗೆಯ ಕಟ್ಟೆ ಇದೆ. ಅದರ ಸುತ್ತ ಒಂದೂವರೆ ಅಡಿ ಬಿಟ್ಟು ಕರಿಮಣ್ಣಿನ ಸಣ್ಣ ಬದು ಕಟ್ಟಿದೆ. ಬಕೆಟ್‌ಗಟ್ಟಲೆ ನೀರಿಗೆ ಬಿಳಿ ಬಟ್ಟೆಗೆ ಹಾಕುವ ನೀಲಿ ಕಲಸಿ ಬದುವಿನೊಳಗೆ ಎರಡು ಇಂಚು ನಿಲ್ಲಿಸಿದೆ. ಕೆಳಗೆ ಅವ್ವ ಬ್ಯಾಟರಿ ಹಿಡಿದು ಕೂತಿದ್ದಳು. ನಲವತ್ತು ನಿಮಿಷ ಏನೂ ಇಲ್ಲ. ಆಮೇಲೆ, "ಬಂತ್ ನೋಡು, ನೀಲಿ ಬಂತು" ಅಂತ ಕೂಗಿದಳು. ಇಳಿದು ನೋಡಿದರೆ ಗರ್ಡರ್ ಪಕ್ಕದ ಅದೇ ಹಳೇ ಕಲೆಯ ನಡುವೆ ಅವರೆಕಾಳಿನಷ್ಟು ದೊಡ್ಡ ನೀಲಿ ಹನಿ.

ಅಂದರೆ ನೀರು ಒಳಗೆ ಇಳಿಯುತ್ತಿದ್ದದ್ದು ಕಟ್ಟೆ ಮತ್ತು ಛತ್ತು ಕೂಡುವ ಮೂಲೆಯಲ್ಲಿ. ಅಲ್ಲಿಂದ ಗಚ್ಚಿನೊಳಗೆ, ಫರ್ಸಿಯ ಬೆನ್ನ ಮೇಲೆ ಹರಿದು, ಎರಡು ಫರ್ಸಿ ಕೂಡುವ ಸಂದು ಸಿಕ್ಕಲ್ಲಿ ಕೆಳಗೆ ಬರುತ್ತಿತ್ತು. ಆ ಸಂದು ಇರುವುದು ಗರ್ಡರ್ ಮೇಲೆ. ಮೂರು ಅಡಿ ದೂರದ ಕಲೆಗೆ ಕಾರಣ ಸಿಕ್ಕಿತು.

ಆದರೆ ಕಿಂಡಿಯ ನೇರ ಕೆಳಗೆ, ಒಲೆಯ ಮೇಲೂ ಹನಿ ಬೀಳುತ್ತಿತ್ತಲ್ಲ, ಅದಕ್ಕೆ ಈ ಉತ್ತರ ಸಾಲದು. ಮರುದಿನ ಎಲ್ಲ ಒಣಗಿದ ಮೇಲೆ ಪೈಪ್ ಹಿಡಿದೆ. ಪೈಪ್ ಪರೀಕ್ಷೆಗೆ ಒಂದು ಕ್ರಮ ಇದೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲೆ ಮೊದಲು ಬಿಟ್ಟರೆ ನೀರು ಕೆಳಗೂ ಹರಿದು ಯಾವುದು ಎಲ್ಲಿಂದ ಬಂತು ಅಂತ ಗೊತ್ತಾಗುವುದೇ ಇಲ್ಲ. ಕಟ್ಟೆಯ ಪಕ್ಕಕ್ಕೆ ಹತ್ತು ನಿಮಿಷ ಬಿಟ್ಟೆ, ಒಲೆಯ ಮೇಲೆ ಏನೂ ಬೀಳಲಿಲ್ಲ. ಕಟ್ಟೆಯ ಮೇಲೆ ಮುಚ್ಚುಗಲ್ಲನ್ನು ಎತ್ತಿ ಹಿಡಿದ ಇಟ್ಟಿಗೆ ಕಾಲುಗಳಿಗೆ ಬಿಟ್ಟೆ, ಇಲ್ಲ. ಕೊನೆಗೆ ಮುಚ್ಚುಗಲ್ಲಿನ ಮೇಲೆ ಮೆಲ್ಲಗೆ ಬಿಟ್ಟೆ. ಮೂರು ನಿಮಿಷಕ್ಕೆ ಒಲೆಯ ಮೇಲೆ ಟಪ್ ಟಪ್.

ಮುಚ್ಚುಗಲ್ಲು ಒಡೆದಿಲ್ಲ, ಬಿರುಕಿಲ್ಲ. ಹಾಗಾದರೆ ನೀರು ಒಳಗೆ ಹೇಗೆ ಹೋಯಿತು? ಛತ್ತಿನ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ತಾಗಿಸಿ, ಕಲ್ಲಿನ ಕೆಳಭಾಗ ಕಾಣುವ ಹಾಗೆ ನೋಡಿದೆ. ಬೆಳಗ್ಗೆ ಆರೂವರೆ, ಓರೆ ಬಿಸಿಲು ಸರಿಯಾಗಿ ಬಿದ್ದಿತ್ತು. ಕಲ್ಲಿನ ಅಂಚಿಗೆ ಬಂದ ಹನಿ ಕೆಳಗೆ ಬೀಳಲಿಲ್ಲ. ಅಂಚಿಗೆ ಜೋತು ನಿಂತು, ದಪ್ಪವಾಗಿ, ಹೊರಳಿ ಕಲ್ಲಿನ ಅಡಿಗೆ ಅಂಟಿಕೊಂಡಿತು. ಅಲ್ಲಿಂದ ಇರುವೆ ನಡೆದ ಹಾಗೆ ಒಳಗೊಳಗೆ ಸರಿದು, ಕಟ್ಟೆ ದಾಟಿ, ಕಿಂಡಿಯ ಬಾಯಿ ಬಂದ ಮೇಲೆ ಬಿತ್ತು. ಅದರ ಹಿಂದೆಯೇ ಇನ್ನೊಂದು, ಅದೇ ದಾರಿಯಲ್ಲಿ. ಕಲ್ಲಿನ ಅಡಿಯಲ್ಲಿ ಕಪ್ಪು ಗೆರೆಯೇ ಬಿದ್ದಿತ್ತು, ಅಷ್ಟು ವರ್ಷ ನೀರು ಓಡಾಡಿದ ದಾರಿ. ಕಟ್ಟೆಯ ಹೊರ ಅಳತೆ 23 ಇಂಚು, ಕಲ್ಲು 24 ಇಂಚು. ಅಂದರೆ ಒಂದೊಂದು ಬದಿಗೆ ಕಲ್ಲು ಹೊರಗೆ ಚಾಚಿದ್ದು ಅರ್ಧ ಇಂಚು ಮಾತ್ರ. ಅಡಿಯಲ್ಲಿ ನೀರು ಕಡಿಯುವ ಗಾಡಿಯೂ, ಅಂದರೆ ಕೊರೆದ ಸಣ್ಣ ತೋಡೂ, ಇಲ್ಲ.

ಬೆಳಕಿಂಡಿಯದು ಬೇರೆಯೇ ಲೆಕ್ಕ. ಅದು ಡಿಸೆಂಬರ್, ಜನವರಿಯಲ್ಲೂ ತೊಟ್ಟಿಕ್ಕುತ್ತಿತ್ತು. ಮಳೆಯೇ ಇಲ್ಲದ ದಿನ ಸೋರುವುದು ಹೇಗೆ? ಅವ್ವ ಹೇಳಿದ ಒಂದು ಮಾತಿನಿಂದ ಗೊತ್ತಾಯಿತು. ಬೆಳಗಿನ ಜಾವ ಮಾತ್ರ ಬೀಳುತ್ತೆ, ಬಿಸಿಲೇರಿದ ಮೇಲೆ ಇಲ್ಲ ಅಂದಳು. ರಾತ್ರಿ ಅಡುಗೆಯ ಹಬೆ ಪಡಸಾಲೆಗೆ ಬಂದು, ತಣ್ಣಗಾದ ಗಾಜಿನ ಒಳಮೈಗೆ ತಾಗಿ ನೀರಾಗಿ ಬೀಳುತ್ತಿತ್ತು. ಹೋದ ವರ್ಷ ಅಡುಗೆ ಮನೆ ಕಿಂಡಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ ಮೇಲೆ ಇದು ಜಾಸ್ತಿಯಾಗಿದ್ದೂ ಅದಕ್ಕೇ. ಒಂದು ಕಿಂಡಿ ಮುಚ್ಚಿದ್ದಕ್ಕೆ ಇನ್ನೊಂದು ಸೋರತೊಡಗಿತ್ತು. ಗಾಜಿನ ಅಂಚಿನ ಸಿಮೆಂಟ್ ಕೂಡ ಒಂದು ಬದಿ ಬಿಟ್ಟಿತ್ತು, ಮಳೆ ನೀರು ಬರುತ್ತಿದ್ದದ್ದು ಅಲ್ಲಿಂದ.

ಛತ್ತು ಮ್ಯಾಲ ಬಂದದ

ನಮ್ಮ ಓಣಿಯಲ್ಲೇ ಒಬ್ಬರು ಹಿರಿಯ ಗೌಂಡಿ ಇದ್ದಾರೆ. ನಾನು ಕಾಕಾ ಅಂತಲೇ ಕರೆಯುವುದು. ಈಗ ದೊಡ್ಡ ಕೆಲಸ ಹಿಡಿಯುವುದಿಲ್ಲ, ಆದರೆ ಕರೆದರೆ ಬರುತ್ತಾರೆ. ಅವರು ಮೇಲೆ ಬಂದು, ಕಟ್ಟೆಯ ಪಕ್ಕ ಕೂತು, ಗೇಣು ಹಾಕಿ ನೋಡಿದರು. "ಇದು ಕಿಂಡಿ ತಪ್ಪಲ್ಲ ತಮ್ಮಾ, ಛತ್ತು ಮ್ಯಾಲ ಬಂದದ" ಅಂದರು.

ನಿಜ. ಕಟ್ಟೆ ಛತ್ತಿನಿಂದ ಎದ್ದಿದ್ದು ಬರೀ ಎರಡೂವರೆ ಇಂಚು. ಅವ್ವನಿಗೆ ಕೇಳಿದೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಕಟ್ಟೆಯ ಮೇಲೆ ಕೂತು ಹಪ್ಪಳ ಕಾಯುತ್ತಿದ್ದಳಂತೆ, ಕಾಗೆ ಬರದ ಹಾಗೆ. ಎರಡೂವರೆ ಇಂಚಿನ ಕಟ್ಟೆ ಮೇಲೆ ಯಾರೂ ಕೂರುವುದಿಲ್ಲ ಅಲ್ವಾ? ಹಿಂದೆ ಒಮ್ಮೆ ಸೋರಿದಾಗ ಅಪ್ಪ ಗಚ್ಚಿನ ಮೇಲೆ ಕೋಬಾ, ಅಂದರೆ ಇಟ್ಟಿಗೆ ಚೂರಿನ ಪದರ, ಹಾಕಿಸಿದ್ದರು. ಆಮೇಲೆ ಅದರ ಮೇಲೆ ಇನ್ನೊಂದು ಪದರ ಸಿಮೆಂಟ್. ಛತ್ತು ಐದಾರು ಇಂಚು ಮೇಲೆ ಬಂತು, ಕಟ್ಟೆ ಇದ್ದಲ್ಲೇ ಮುಳುಗಿತು. ಜೋರು ಮಳೆಯಲ್ಲಿ ಮೂಲೆಯಲ್ಲಿ ನಿಂತ ನೀರು ಕಟ್ಟೆಯ ಬುಡದ ಬಿರುಕಿಗೆ ನೇರವಾಗಿ ಸಿಗುತ್ತಿತ್ತು.

ಆ ಬಿರುಕು ಬೀಳುವುದೂ ಸಹಜವೇ. ಕಬ್ಬಿಣ, ಕಲ್ಲು, ಇಟ್ಟಿಗೆ ಮೂರೂ ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ. ಹತ್ತು ಅಡಿಯ ಗರ್ಡರ್ 40 ಡಿಗ್ರಿ ಏರುಪೇರಿಗೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಶಹಾಬಾದ್ ಕಲ್ಲು ಅದಕ್ಕಿಂತ ಕಡಿಮೆ. ಕೂದಲೆಳೆಯಷ್ಟು ವ್ಯತ್ಯಾಸ ಅನ್ನಿಸಬಹುದು. ದಿನಾ ಬೆಳಗ್ಗೆ ಹಿಗ್ಗಿ, ದಿನಾ ರಾತ್ರಿ ಕುಗ್ಗಿದರೆ ಗಟ್ಟಿ ಸಿಮೆಂಟ್ ಎಷ್ಟು ದಿನ ತಡೆದೀತು? ಅಪ್ಪ ಹಾಕಿಸಿದ ಪದರ, ಆಮೇಲೆ ಬಳಿದ ಸಿಮೆಂಟ್, ಎಲ್ಲ ಅದೇ ಗೆರೆಯಲ್ಲಿ ಸೀಳಿದ್ದವು.

ಕಾಕಾ ಮತ್ತು ನನ್ನ ನಡುವೆ ಇಲ್ಲಿ ಸ್ವಲ್ಪ ವಾದ ಆಯಿತು. ಅವರದು ಗೋಲಾ, ಅಂದರೆ ಕಟ್ಟೆಯ ಬುಡದ ಮೂಲೆಗೆ ಸಿಮೆಂಟಿನ ದುಂಡನೆ ಅಂಚು, ಚೆನ್ನಾಗಿ ಕಟ್ಟಿದರೆ ಸಾಕು ಅಂತ. ನನ್ನದು ಗೋಲಾ ಬೇಕೇ ಬೇಕು, ಆದರೆ ಅದರ ಮೇಲೆ ಎಳೆದರೆ ಹಿಗ್ಗುವ ಲೇಪನವೂ ಇರಬೇಕು ಅಂತ. ಕೊನೆಗೆ ಎರಡೂ ಮಾಡಿದೆವು.

ಒಡೆದದ್ದು, ಕಟ್ಟಿದ್ದು

ಕೆಲಸಕ್ಕೆ ಸಿಗುತ್ತಿದ್ದದ್ದು ಬೆಳಗ್ಗೆ ಆರರಿಂದ ಒಂಬತ್ತೂವರೆ. ಹತ್ತು ಗಂಟೆಗೆ ಛತ್ತಿನ ಮೇಲೆ ಚಪ್ಪಲಿ ಇಲ್ಲದೆ ನಿಲ್ಲಲು ಆಗುವುದಿಲ್ಲ. ಸಂಜೆ ಐದೂವರೆ ಮೇಲೆ ಮತ್ತೆ ಒಂದು ತಾಸು.

ಹಳೇ ಮುಚ್ಚುಗಲ್ಲು 38 ಕೆಜಿ ಹತ್ತಿರ ಇತ್ತು. ನಾನು, ಕಾಕಾ ಇಬ್ಬರೂ ಹಿಡಿದು ಪಕ್ಕಕ್ಕೆ ಇಳಿಸಿದೆವು. ಕೆಳಗೆ ಪಾರಿವಾಳದ ಹಳೇ ಗೂಡು, ಕಸ, ಮಸಿ. ಎಲ್ಲ ತೆಗೆದು, ಕಟ್ಟೆಯ ಸುತ್ತ ಮೂರು ಇಂಚು ಅಗಲಕ್ಕೆ ಛಾಣದಿಂದ ಮೇಲಿನ ಸಿಮೆಂಟ್, ಕೋಬಾ ಒಡೆದು ಅಜ್ಜನ ಕಾಲದ ಗಚ್ಚಿನವರೆಗೆ ಇಳಿದೆವು. ಇಲ್ಲಿ ಸುತ್ತಿಗೆ ಮೆಲ್ಲಗೆ ಬೀಳಬೇಕು. ಕೆಳಗಿರುವುದು ಒಂದೂವರೆ, ಎರಡು ಇಂಚಿನ ಫರ್ಸಿ. ಬ್ರೇಕರ್ ಮಷಿನ್ ತಂದರೆ ಒಂದು ತಾಸಿನ ಕೆಲಸ, ಆದರೆ ಫರ್ಸಿ ಬಿರಿದರೆ ಛತ್ತೇ ಹೋಯಿತು. ಕೈಯಿಂದ ಒಡೆಯಲು ಎರಡು ಬೆಳಗು ಬೇಕಾಯಿತು. ಗಚ್ಚು ಒದ್ದೆ ಇತ್ತು. ಮೇ ತಿಂಗಳಲ್ಲಿ, ಅಷ್ಟು ಬಿಸಿಲಿನಲ್ಲಿ, ಕೈಗೆ ತಣ್ಣಗೆ ಹತ್ತುತ್ತಿತ್ತು. ಹೋದ ಮಳೆಗಾಲದ ನೀರು ಇನ್ನೂ ಹೊರಗೆ ಬರಲು ದಾರಿ ಇಲ್ಲದೆ ಅಲ್ಲೇ ಕೂತಿತ್ತು. ಹಾಗಾಗಿ ನಾಲ್ಕು ದಿನ ತೆರೆದೇ ಬಿಟ್ಟೆವು, ಒಣಗಲಿ ಅಂತ.

ಸಿಮೆಂಟ್ ಕಲೆ, ಪಾಚಿ ತೆಗೆಯಲು ಆಸಿಡ್ ತರುತ್ತೇನೆ ಅಂತ ಅಂಗಡಿಯ ಹುಡುಗ ಹೇಳಿದ. ಬೇಡವೇ ಬೇಡ ಅಂದೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ನಮ್ಮ ಜಿಲ್ಲೆಯಲ್ಲಿ ಅಷ್ಟೊಂದು ಸಿಮೆಂಟ್ ಕಾರ್ಖಾನೆ ಇರುವುದೂ ಇದೇ ಕಲ್ಲಿನಿಂದ. ಅದಕ್ಕೆ ಆಸಿಡ್ ಬಿದ್ದರೆ ನೊರೆ ಬಂದು ಮೇಲ್ಮೈ ಕರಗುತ್ತದೆ. ಕಬ್ಬಿಣದ ಬ್ರಷ್, ನೀರು ಇಷ್ಟರಲ್ಲೇ ಸ್ವಚ್ಛ ಆಯಿತು.

ಆ ನಾಲ್ಕು ದಿನದ ಮೂರನೇ ಸಂಜೆ ಗಾಳಿ ಎದ್ದಿತು. ಪಡುವಣದಲ್ಲಿ ಧೂಳು ಎದ್ದು ಆಕಾಶ ಕೆಂಪಾಯಿತು. ನಾನು ಓಡಿ ತಾಡಪತ್ರಿ ಹಾಸಿ, ನಾಲ್ಕೂ ಮೂಲೆಗೆ ಇಟ್ಟಿಗೆ ಇಡುವಷ್ಟರಲ್ಲಿ ದಪ್ಪ ಹನಿ ಶುರು. ಇಟ್ಟಿಗೆ ಸಮೇತ ತಾಡಪತ್ರಿ ಎದ್ದಿತು. ಮುಚ್ಚುಗಲ್ಲನ್ನೇ ಎಳೆದು ಅದರ ಮೇಲೆ ಹಾಕಿ, ಪಕ್ಕದಲ್ಲಿ ನಾನೇ ಕೂತೆ. ಕಾಲು ಗಂಟೆ ಮಳೆ. ಒಳಗೆ ಒಂದು ಬೋಗುಣಿಯಷ್ಟು ನೀರು ಬಂತು, ಗಚ್ಚು ಮಾತ್ರ ಒದ್ದೆಯಾಗಲಿಲ್ಲ. ತೆರೆದಿಟ್ಟ ಛತ್ತಿಗೆ ತಾಡಪತ್ರಿ, ಹಗ್ಗ ಮೊದಲ ದಿನದಿಂದಲೇ ಮೇಲೆ ಇರಬೇಕು.

ಆಮೇಲೆ ಕಟ್ಟುವ ಕೆಲಸ. ಇಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಟ್ಟಿದ್ದೆ. ಒಣ ಇಟ್ಟಿಗೆ ಕಲಸಿದ ಸಿಮೆಂಟಿನ ನೀರೆಲ್ಲ ಹೀರಿಬಿಡುತ್ತದೆ, ಆಮೇಲೆ ಅದು ಪುಡಿಪುಡಿ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಉಸುಕು. ಹಳೇ ಕಟ್ಟೆಯ ಮೇಲೆ ಎರಡು ವರಸೆ ಏರಿಸಿದೆವು. ಈಗ ಛತ್ತಿನಿಂದ ಒಂಬತ್ತು ಇಂಚು ಎತ್ತರ. ಆರು ಇಂಚಿಗೆ ಕಡಿಮೆ ಇರಬಾರದು, ಇನ್ನೊಂದಿಷ್ಟು ಇದ್ದರೆ ಒಳ್ಳೆಯದು.

ಗೋಲಾ ಕಟ್ಟಿದ್ದು ಕಾಕಾ. ಅವರ ಕೈ ನೋಡುವುದೇ ಒಂದು ಪಾಠ. ಒಂದಕ್ಕೆ ಮೂರು ಉಸುಕು, ಅದೂ ಜರಡಿ ಹಿಡಿದದ್ದು. ನೀರು ತಡೆಯುವ ದ್ರಾವಣ ಒಂದು ಚೀಲ ಸಿಮೆಂಟಿಗೆ 200 ಮಿಲಿಲೀಟರ್ ಅಂತ ಡಬ್ಬದ ಮೇಲೆ ಇತ್ತು, ನಮಗೆ ಬೇಕಿದ್ದ ಕಾಲು ಚೀಲಕ್ಕೆ 50 ಅಳೆದು ನೀರಿಗೆ ಹಾಕಿದೆ. ಮೊದಲು ಕಟ್ಟೆಯ ಸುತ್ತ ಒಡೆದ ಗಾಡಿಗೆ ನೀರು ಚಿಮುಕಿಸಿ, ಸಿಮೆಂಟ್ ಹಾಲು ಬಳಿದು, ಅದು ಹಸಿ ಇರುವಾಗಲೇ ಕಲಸಿದ ಮಾಲು ತುಂಬಿದರು. ಥಾಪಿಯಿಂದ ಒತ್ತಿ ಒತ್ತಿ ಮೂಲೆ ತುಂಬಿದ ಮೇಲೆ ಒಂದು ಖಾಲಿ ಗಾಜಿನ ಬಾಟಲಿ ಕೇಳಿದರು. ಅದರ ಹೊಟ್ಟೆಯನ್ನು ಮೂಲೆಗೆ ಒತ್ತಿ ಎಳೆಯುತ್ತಾ ಹೋದರು. ಹಿಂದೆ ನುಣ್ಣಗೆ, ಒಳಕ್ಕೆ ಬಾಗಿದ ಗೋಲಾ ಬಂತು. ಚೂಪು ಮೂಲೆ ಇದ್ದರೆ ನೀರು ಅಲ್ಲೇ ನಿಂತು ಸಂದು ಹುಡುಕುತ್ತದೆ, ದುಂಡಗಿದ್ದರೆ ಜಾರಿ ಹೋಗುತ್ತದೆ. ನಾಲ್ಕೂ ಮೂಲೆಯಲ್ಲಿ ಹೆಬ್ಬೆರಳಿನಿಂದ ತೀಡಿದರು. ಆ ಬೆರಳಿನ ಗುರುತು ಈಗಲೂ ಇದೆ.

ಅದರ ಮೇಲೆ ಒದ್ದೆ ಗೋಣಿ ತಟ್ಟು ಹಾಸಿ ಏಳು ದಿನ ನೀರು ಹಾಕಿದೆ. ದಿನಕ್ಕೆ ನಾಲ್ಕು ಸಲ. ನಮ್ಮ ಬಿಸಿಲಿಗೆ ಎರಡು ಸಲ ಸಾಲದು, ಮಧ್ಯಾಹ್ನಕ್ಕೆ ತಟ್ಟು ಹಪ್ಪಳದ ಹಾಗೆ ಆಗಿರುತ್ತದೆ. ಇದರಲ್ಲಿ ಆಲಸ್ಯ ಮಾಡಿದರೆ ಹಿಂದಿನ ಕೆಲಸವೆಲ್ಲ ವ್ಯರ್ಥ.

ಹೊಸ ಮುಚ್ಚುಗಲ್ಲು

ಕಟ್ಟೆ ಒಣಗುವಷ್ಟರಲ್ಲಿ ಕಲ್ಲು ತಂದೆ. 30 ಇಂಚು ಚೌಕ, ಒಂದೂವರೆ ಇಂಚು ದಪ್ಪ. ಕಟ್ಟೆ 23 ಇಂಚು ಇರುವುದರಿಂದ ಸುತ್ತಲೂ ಮೂರೂವರೆ ಇಂಚು ಚಾಚು ಸಿಗುತ್ತದೆ. ತೂಕ ಸುಮಾರು 60 ಕೆಜಿ. ಮೇಲೆ ಏರಿಸುವ ಮೊದಲು ಅಂಗಳದಲ್ಲೇ ಕಲ್ಲನ್ನು ಬೋರಲು ಹಾಕಿ, ಅಂಚಿನಿಂದ ಒಂದು ಇಂಚು ಒಳಗೆ, ನಾಲ್ಕೂ ಬದಿಗೆ ಮಾರ್ಬಲ್ ಕಟ್ಟರ್‌ನಿಂದ ಗಾಡಿ ಹೊಡೆದೆ. ಎಂಟು ಮಿಲಿಮೀಟರ್ ಅಗಲ, ಅಷ್ಟೇ ಆಳ. ಎರಡು ಗೆರೆ ಪಕ್ಕಪಕ್ಕ ಕೊಯ್ದು ನಡುವಿನದನ್ನು ಉಳಿಯಿಂದ ಎಬ್ಬಿಸಿದರೆ ಆಯಿತು. ಕಲ್ಲಿನ ಧೂಳು ಹೊಗೆಯ ಹಾಗೆ ಏಳುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಅಂಚಿನಿಂದ ಅಡಿಗೆ ಹೊರಳಿದ ಹನಿ ಆ ಗಾಡಿಯವರೆಗೆ ಬರುತ್ತದೆ. ಮುಂದೆ ಹೋಗಬೇಕಾದರೆ ಮೇಲಕ್ಕೆ ಏರಬೇಕು. ಏರಲಾಗದೆ ಅಲ್ಲೇ ಬೀಳುತ್ತದೆ. ಇಷ್ಟೇ ಉಪಾಯ.

ಎರಡು ಬೊಂಬು ಇಳಿಜಾರಾಗಿ ಕಟ್ಟಿ, ಹಗ್ಗ ಹಾಕಿ, ಪಕ್ಕದ ಮನೆಯ ಹುಡುಗರಿಬ್ಬರ ಜತೆ ಕಲ್ಲನ್ನು ಜಾರಿಸುತ್ತಾ ಮೇಲೆಳೆದೆವು. ಕಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಇಂಚು ಎತ್ತರದ ಇಟ್ಟಿಗೆ ಕಾಲು. ಗಾಳಿಯ ಲೆಕ್ಕ ಹೀಗಿದೆ. ಕಿಂಡಿಯ ಬಾಯಿ 14 ಇಂಚು ಚೌಕ, ಅಂದರೆ 196 ಚದರ ಇಂಚು. ಪಕ್ಕದ ಸಂದು ಒಂದೊಂದು 14 ಇಂಚು ಅಗಲ, ನಾಲ್ಕು ಇಂಚು ಎತ್ತರ, ನಾಲ್ಕೂ ಸೇರಿ 224. ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ. ಆ ಒಂದು ಬದಿಗೆ ಮಾತ್ರ ಫರ್ಸಿಯ ಸಣ್ಣ ಪಟ್ಟಿಗಳನ್ನು ಹೊರಕ್ಕೆ ವಾಲಿಸಿ ಕೂರಿಸಿದೆವು, ಓರೆ ಮಳೆ ತಡೆಯಲು. ಅಲ್ಲಿ ಅರ್ಧ ಸಂದು ಹೋದರೂ ಒಟ್ಟು 196 ಉಳಿಯಿತು. ಬಾಯಿಯಷ್ಟೇ ದಾರಿ. ಹೊಗೆಗೆ ಎಲ್ಲೂ ಅಡ್ಡಿಯಿಲ್ಲ. ಉಳಿದ ಮೂರು ಬದಿಗೆ ಪಾರಿವಾಳ ಬರದ ಹಾಗೆ ತಂತಿ ಜಾಳಿಗೆ. ತೀರಾ ಸಣ್ಣ ಕಣ್ಣಿನ ಸೊಳ್ಳೆ ಜಾಳಿಗೆ ಬೇಡ, ಒಗ್ಗರಣೆಯ ಜಿಡ್ಡಿಗೆ ಎರಡೇ ತಿಂಗಳಲ್ಲಿ ಮುಚ್ಚಿಹೋಗುತ್ತದೆ. ಅರ್ಧ ಇಂಚಿನ ಕಣ್ಣು ಸಾಕು.

ಬಾಯಿ ಮೇಲಕ್ಕೆ ಇರದೆ ಪಕ್ಕಕ್ಕೆ ಇದ್ದರೆ ಬೆಳಕೂ ಬರುತ್ತದೆ, ಗಾಳಿಯೂ ಆಡುತ್ತದೆ. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿ ನೋಡಿ. 1367ರದ್ದು. ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳ ಇಲ್ಲ, ಪೂರ್ತಿ ಗುಮ್ಮಟಗಳಿಂದ ಮುಚ್ಚಿದೆ. ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ಚಿಕ್ಕಂದಿನಿಂದ ಎಷ್ಟೋ ಸಲ ಹೋಗಿದ್ದೆ. ಈ ಕೆಲಸದ ನಡುವೆ ಒಂದು ಸಂಜೆ ಹೋದಾಗ ಮೊದಲ ಸಲ ಆ ಕಮಾನುಗಳ ಕೆಳಗೆ ನಿಂತು ತಲೆಯೆತ್ತಿ ನೋಡಿದೆ.

ಲೇಪನ, ಗಾಜು, ಕೊಳವೆ

ಏಳು ದಿನ ನೀರು, ಆಮೇಲೆ ಮೂರು ದಿನ ಒಣಗಲು ಬಿಟ್ಟು ಲೇಪನ ಶುರು ಮಾಡಿದೆ. ಅಕ್ರಿಲಿಕ್ ಲೇಪನ, ನಡುವೆ ಫೈಬರ್ ಜಾಳಿಗೆ. ಛತ್ತಿನ ಮೇಲೆ ಒಂದು ಅಡಿಯಿಂದ ಶುರುವಾಗಿ, ಗೋಲಾ ಏರಿ, ಕಟ್ಟೆಯ ನೆತ್ತಿಯವರೆಗೆ. ಹಚ್ಚಿದ್ದು ಸಂಜೆ ಮಾತ್ರ. ಬೆಳಗ್ಗೆ ಒಂದು ಬದಿಗೆ ಹಚ್ಚಿ ನೋಡಿದ್ದೆ, ಬ್ರಷ್ ಎಳೆಯುವಷ್ಟರಲ್ಲೇ ಒಣಗಿ ಎಳೆ ಎಳೆಯಾಯಿತು. ಅದನ್ನು ಕೆರೆದು ತೆಗೆದು ಮತ್ತೆ ಹಚ್ಚಿದೆ. ಸಂಜೆ ಕಲ್ಲು ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಹಚ್ಚಿದರೆ ಚೆನ್ನಾಗಿ ಹಿಡಿಯುತ್ತದೆ. ಮೊದಲ ಪದರ ಹಸಿ ಇರುವಾಗ ಜಾಳಿಗೆ ಒತ್ತಿ, ಮರುದಿನ ಅಡ್ಡಡ್ಡ ಎರಡನೇ ಪದರ. ಮೂಲೆಗಳಲ್ಲಿ ಜಾಳಿಗೆ ಮಡಿಕೆ ಬೀಳದ ಹಾಗೆ ಕತ್ತರಿಸಿ ಒಂದರ ಮೇಲೊಂದು ಎರಡು ಇಂಚು ಕೂರಿಸಬೇಕು.

ಬೆಳಕಿಂಡಿಯ ಹಳೇ ಗಾಜು ತೆಗೆದು, ಕಟ್ಟೆಯನ್ನು ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಮಾಡಿ ವಾಟ ಕೊಟ್ಟೆವು. ಎಂಟು ಮಿಲಿಮೀಟರಿನ ಟಫನ್ಡ್ ಗಾಜು ಹಾಕಿದೆ. ಅಂಚಿಗೆ ಸಿಲಿಕೋನ್. ಇಲ್ಲಿ ಒಂದು ಎಚ್ಚರ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಸಿಲಿಕೋನ್ ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಬರುತ್ತದೆ. ಆ ಹುಳಿ ಸುಣ್ಣದ ಕಲ್ಲಿಗೆ, ಸಿಮೆಂಟಿಗೆ ಆಗುವುದಿಲ್ಲ, ಹಿಡಿತ ಬಿಡುತ್ತದೆ. ನ್ಯೂಟ್ರಲ್ ಅಂತ ಬರೆದದ್ದನ್ನೇ ಕೇಳಿ ತಂದೆ. ಹಬೆ ಹೋಗಲು ಎತ್ತರದ ಬದಿಯ ಕಟ್ಟೆಗೆ ಒಂದು ಇಂಚಿನ ಎರಡು ಕೊಳವೆ ತುಂಡು ತೂರಿಸಿ, ಬಾಯಿ ಹೊರಗಡೆ ಕೆಳಕ್ಕೆ ಬಾಗಿಸಿ, ಜಾಳಿಗೆ ಕಟ್ಟಿದೆ.

ಬಚ್ಚಲಿನ ಕೊಳವೆಯದು ಅರ್ಧ ದಿನದ ಕೆಲಸ. ಬಿಸಿಲಿಗೆ ಪಿವಿಸಿ ಒಣಗಿ ಬಿರುಸಾಗಿತ್ತು, ಹಿಡಿದು ಅಲುಗಿಸಿದರೆ ಚೂರು ಮುರಿದು ಬಂತು. ಪಿವಿಸಿ ಸಿಮೆಂಟಿಗಿಂತ ಐದಾರು ಪಟ್ಟು ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಸುತ್ತ ಮೆತ್ತಿದ ಸಿಮೆಂಟ್ ಉಂಗುರ ಬಿಡುವುದು ಖಂಡಿತ. ಹೊಸ ತುಂಡು ಜೋಡಿಸಿ, ಸುತ್ತ ಅರ್ಧ ಇಂಚು ಸಂದು ಬಿಟ್ಟು, ಅದರಲ್ಲಿ ಫೋಮ್ ಹಗ್ಗ ತುಂಬಿ, ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿದೆ. ತಲೆಗೆ ಟೋಪಿ. ಬಿಸಿಲಿಗೆ ಬಿಳಿ ಬಣ್ಣ ಎರಡು ಕೈ.

ಕಲ್ಲು, ಗಾಜು, ಲೇಪನ, ಸೀಲಂಟ್, ಕಾಕಾ ಅವರ ಕೂಲಿ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಆಯಿತು.

ಮಳೆ ಬಂದ ಮೇಲೆ

ಕೊನೆಯ ಕೈ ಹಚ್ಚಿ ನಾಲ್ಕು ದಿನಕ್ಕೆ ಮತ್ತೆ ಬದು ಕಟ್ಟಿ ನೀಲಿ ನೀರು ನಿಲ್ಲಿಸಿದೆ. ಈ ಸಲ ಇಡೀ ದಿನ, 24 ತಾಸು. ಅವ್ವ ಹೋಗ್ತಾ ಬರ್ತಾ ತಲೆಯೆತ್ತಿ ನೋಡುತ್ತಿದ್ದಳು. ಒಂದು ಹನಿ ಇಲ್ಲ. ಪೈಪ್ ಹಿಡಿದು ಮುಚ್ಚುಗಲ್ಲಿನ ಮೇಲೆ ಬಿಟ್ಟೆ. ಮತ್ತೆ ಕೆನ್ನೆ ಊರಿ ನೋಡಿದೆ. ಹನಿ ಅಂಚಿನಿಂದ ಹೊರಳಿತು, ಒಂದು ಇಂಚು ಒಳಗೆ ಬಂತು, ಗಾಡಿಯ ತುದಿಗೆ ಜೋತಿತು, ಕಟ್ಟೆಯ ಹೊರಗೇ ಬಿತ್ತು. ಎಷ್ಟು ಹೊತ್ತು ಅದನ್ನೇ ನೋಡುತ್ತಾ ಮಲಗಿದ್ದೆನೋ, ಕಾಕಾ ಕೆಳಗಿನಿಂದ ಎರಡು ಸಲ ಕರೆದ ಮೇಲೆ ಎದ್ದೆ.

ಮಿರಗದ ಮೊದಲ ಜೋರು ಮಳೆ ರಾತ್ರಿ ಹನ್ನೊಂದಕ್ಕೆ ಬಂತು. ಪಡುವಣ ಗಾಳಿ, ಓರೆ ಮಳೆ, ಕರೆಂಟ್ ಇಲ್ಲ. ಬ್ಯಾಟರಿ ಹಿಡಿದು ಮೂರೂ ಕಡೆ ನೋಡಿದೆವು. ಅಡುಗೆ ಮನೆಯ ಒಲೆ ಕಟ್ಟೆಯ ಮೇಲೆ ಸಣ್ಣ ತುಂತುರು, ಅಂಗೈಯಿಂದ ಒರೆಸುವಷ್ಟು. ಅದು ಬಂದದ್ದು ಪಟ್ಟಿಗಳಿರುವ ಬದಿಯಿಂದಲ್ಲ, ಉತ್ತರದ ಬದಿಯಿಂದ. ಗಾಳಿ ಸುತ್ತಿ ಹೊಡೆದಿತ್ತು. ಅಲ್ಲೂ ಎರಡು ಪಟ್ಟಿ ಹಾಕಬೇಕು, ಸಣ್ಣವು, ಕೆಳಗಿನ ಅರ್ಧಕ್ಕೆ ಮಾತ್ರ. ಬೆಳಕಿಂಡಿ, ಕೊಳವೆ ಎರಡೂ ಒಣ.

ಗರ್ಡರ್ ಪಕ್ಕದ ಹಳೇ ಕಲೆ ಇನ್ನೂ ಹೋಗಿಲ್ಲ. ಗಚ್ಚಿನೊಳಗೆ ಉಳಿದ ತೇವ ಈಗ ಕೆಳಗಿನಿಂದ ಒಣಗುತ್ತಿದೆ, ಬಿಳಿ ಉಪ್ಪು ಹುಡಿಯಾಗಿ ಏಳುತ್ತಿದೆ. ಹೊಸದಾಗಿ ನೀರು ಬರುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಜೂನ್ 9 ಅಂತ ಬರೆದೆ. ಹದಿನೈದು ದಿನದ ಮೇಲೆ ಇನ್ನೊಂದು ಗೆರೆ, ಮೊದಲನೆಯದರ ಒಳಗೆ ಎರಡು ಬೆರಳು. ಮೂರನೆಯದು ಮೊನ್ನೆ ಎಳೆದೆ, ಅದು ಇನ್ನೂ ಒಳಗೆ. ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಪೆನ್ಸಿಲ್ ಗೂಡಿನಲ್ಲೇ ಇರುತ್ತದೆ, ನಿಚ್ಚಣಿಕೆಯೂ ಹಿತ್ತಿಲ ಗೋಡೆಗೆ ಆನಿಸಿಯೇ ಇದೆ.